ಅಳಿಸಿಹಾಕಿದ ಸಾಸಿವೆ ದಿಂಬು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದರಲ್ಲಿ ಒಂದು ಊರಿನ ಬಜಾರಿನಲ್ಲಿ ನಾನು ಹೆಣ್ಣುಮಕ್ಕಳ ಬಟ್ಟೆ ಹೊಲಿಯುತ್ತಿದ್ದೆ. ಯಾವ ಊರೆಂದು ಹೇಳುವುದಿಲ್ಲ. ಹೇಳಿದರೆ, ಯಾರ ಮನೆಯ ಹೆಣ್ಣುಮಗಳು ಯಾವ ವರ್ಷ ತೀರಿಕೊಂಡರು ಎಂದು ನೆನಪು ಮಾಡಿಕೊಂಡು ಲೆಕ್ಕ ಹಾಕುವವರು ಅಲ್ಲಿ ಇನ್ನೂ ಇದ್ದಾರೆ. ಪಾತ್ರೆ ಅಂಗಡಿಯವರ ಹೆಂಡತಿ ಎಂದು ನಾನು ಬರೆಯುವ ಹೆಂಗಸಿನ ಗಂಡ ಮಾರುತ್ತಿದ್ದದ್ದು ಪಾತ್ರೆಗಳನ್ನಲ್ಲ. ಅದೊಂದನ್ನು ಬದಲಿಸಿದ್ದೇನೆ. ಉಳಿದದ್ದು ನಡೆದದ್ದೇ.

ಹೊಲಿಗೆ ನನಗೆ ಅಪ್ಪನಿಂದ ಬಂತು. ಅವರು ಗಂಡಸರ ಅಂಗಿ, ಪೈಜಾಮ ಹೊಲಿಯುತ್ತಿದ್ದರು. ಪಿಯುಸಿ ಮುಗಿಸಿದ ನನ್ನನ್ನು ಹಿರೇಹಡಗಲಿ ಕಡೆಯ ಒಂದು ಮನೆಗೆ ಕೊಟ್ಟರು. ಅಲ್ಲಿ ನನಗೊಂದು ಗಂಡು ಕೂಸು ಹುಟ್ಟಿತು, ಉಳಿಯಲಿಲ್ಲ. ಮತ್ತೆ ಬಸಿರು ನಿಲ್ಲಲಿಲ್ಲ. ಗಂಡ ಇನ್ನೊಬ್ಬಳನ್ನು ಕರೆತಂದ ಮೇಲೆ ನಾನು ತವರಿಗೆ ಬಂದೆ. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ, ಯಾರೂ ಇರು ಎನ್ನಲೂ ಇಲ್ಲ. ತೊಂಬತ್ತರ ದಶಕದ ನಡುವೆ ಅಪ್ಪ ಬಜಾರಿನಲ್ಲಿ ಒಂದು ಸಣ್ಣ ಮಳಿಗೆ ಹಿಡಿದುಕೊಟ್ಟು, ತಮ್ಮ ಹಳೆಯ ಮಷೀನನ್ನೇ ತಂದು ಇಟ್ಟರು. ಒಳಗೆ ಅರ್ಧಕ್ಕೆ ಒಂದು ಹೂವಿನ ಪರದೆ ಕಟ್ಟಿದೆವು, ಹೆಣ್ಣುಮಕ್ಕಳು ಅಳತೆ ಕೊಡಲಿಕ್ಕೆ. ಮೊದಲ ದಿನ ಅಪ್ಪ ಹೇಳಿದ್ದು ಇಷ್ಟೇ: "ಅಳತಿ ಕೊಟ್ಟ ಹೆಣ್ಮಗಳ ಬಗ್ಗೆ ಹೊರಗ ಒಂದು ಮಾತು ಆಡೋದಾದ್ರ, ಇವತ್ತ ಮಷೀನ್ ಮಾರಿಬಿಡು."

ಅಪ್ಪ ಯಾಕೆ ಹಾಗೆ ಹೇಳಿದರೆಂದು ಆಮೇಲೆ ತಿಳಿಯಿತು. ಪರದೆಯ ಒಳಗೆ ನಿಂತ ಹೆಂಗಸಿನ ಮೈ ಬಹಳಷ್ಟು ಹೇಳುತ್ತದೆ. ಮನೆಯವರಿಗೆ ತಿಳಿಯುವ ಮೊದಲೇ ನನಗೆ ಬಸಿರು ತಿಳಿಯುತ್ತಿತ್ತು. ಬೆನ್ನ ಮೇಲಿನ ಬಾಸುಂಡೆ ಕಾಣುತ್ತಿತ್ತು. ನಾನು ಕೇಳುತ್ತಿರಲಿಲ್ಲ. ಅವರಾಗಿ ಹೇಳಿದರೆ ಕೇಳಿಸಿಕೊಂಡು ಟೇಪು ಸುತ್ತಿಡುತ್ತಿದ್ದೆ.

ಪಾತ್ರೆ ಅಂಗಡಿಯವರ ಹೆಂಡತಿ ನನ್ನ ಮೊದಲ ವರ್ಷದ ಗಿರಾಕಿ. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವರು. ನನ್ನನ್ನು ತಂಗಿ ಎನ್ನುತ್ತಿದ್ದರು, ನಾನು ಅಕ್ಕಾರ ಎನ್ನುತ್ತಿದ್ದೆ. ಒಬ್ಬಳೇ ಮಗಳು, ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಒಂದು ವರ್ಷ ಅವರು ಗರ್ಭಕೋಶದ ಆಪರೇಷನ್ ಎಂದು ದೂರದ ಊರಿನ ತಮ್ಮ ಅಕ್ಕನ ಮನೆಗೆ ಹೋದವರು ಬಹಳ ದಿನ ಬರಲಿಲ್ಲ. ಬಂದಾಗ ಬೇಸಿಗೆ. ಮಧ್ಯಾಹ್ನ ಕರೆಂಟು ಹೋಗಿ ಬಜಾರೆಲ್ಲ ಮಲಗಿತ್ತು. ಹೊಸ ರವಿಕೆ ಕಣ ಹಿಡಿದು ಬಂದವರು ಪರದೆಯ ಒಳಗೆ ಹೋಗಿ ನಿಂತರು. ನಾನು ಟೇಪು ಹಿಡಿದು ಹತ್ತಿರ ಹೋದಾಗ ನನ್ನ ಮುಂಗೈ ಹಿಡಿದುಕೊಂಡರು.

"ತಂಗಿ, ಬಾಗ್ಲಾ ಹಾಕ್ತೀಯೇನು?"

ಬಾಗಿಲು ಹಾಕಿ ಬಂದೆ. ಅವರು ಸೆರಗು ಸರಿಸಿದರು. ಎಡಗಡೆ ಎದೆ ಇರಲಿಲ್ಲ. ಗಾಯ ಮಾಗಿದ ಗೆರೆ ಕಂಕುಳವರೆಗೆ ಹೋಗಿತ್ತು. ಅವರೇ ಹೇಳಿದರು.

"ಗರ್ಭಕೋಶ ಅಲ್ಲ, ಇದು. ನಮ್ಮನಿಯವ್ರಿಗೆ ಗೊತ್ತೈತಿ, ನಮ್ಮಕ್ಕಗ ಗೊತ್ತೈತಿ. ಈಗ ನಿನಗ."

"ಮಗಳಿಗ್ರೀ?"

"ಆಕಿಗೆ ಗಂಡು ನೋಡಾಕ ಹತ್ತೇವಿ. ಅವ್ವಗ ಕ್ಯಾನ್ಸರ್ ಆಗೈತಿ ಅಂದ್ರ ಯಾರು ಬರ್ತಾರ ತಂಗಿ? ನಾಳೆ ಮಗಳಿಗೂ ಬರ್ತತಿ ಅಂತಾರ. ಮದಿವಿ ಆಗೋತನಕ ಗಾಳಿಗೂ ಗೊತ್ತಾಗಬಾರ್ದು."

ಸೆರಗು ಎಷ್ಟು ಹೊದ್ದರೂ ಒಂದು ಕಡೆ ತಗ್ಗು ಕಾಣುತ್ತಿತ್ತು. ಏನಾದರೂ ಮಾಡಿಕೊಡು ಎಂದು ಕೇಳಲಿಕ್ಕೆ ಬಂದಿದ್ದರು.

ನಾನು ಮೊದಲು ಅರಳೆ ತುಂಬಿ ಒಂದು ಸಣ್ಣ ಚೀಲ ಹೊಲಿದು ರವಿಕೆಯ ಒಳಗೆ ಕೂಡಿಸಿದೆ. ಅದು ಹಗುರ. ಕೈ ಎತ್ತಿದರೆ ಮೇಲೆ ಹೋಗುತ್ತಿತ್ತು, ಬಗ್ಗಿದರೆ ಮುಂದಕ್ಕೆ ಜೋಲುತ್ತಿತ್ತು. ಆಗ ನೆನಪಾದದ್ದು ಅವ್ವ ಮಾಡುತ್ತಿದ್ದ ಸಾಸಿವೆ ದಿಂಬು. ಎಳೆಗೂಸಿನ ತಲೆ ಗುಂಡಗೆ ಕೂಡಲಿ ಎಂದು ಹಳೆಯ ಮೆತ್ತನೆಯ ಸೀರೆ ಬಟ್ಟೆಯಲ್ಲಿ ಸಾಸಿವೆ ತುಂಬಿ ಹೊಲಿಯುತ್ತಿದ್ದರು. ಹೇಗೆ ಮಲಗಿಸಿದರೂ ಅದು ತಲೆಯ ಆಕಾರಕ್ಕೆ ಸರಿದು ಕೂಡುತ್ತಿತ್ತು. ಅದರಂತೆಯೇ ಒಳಗೆ ಸಾಸಿವೆ, ಸುತ್ತ ಅರಳೆ ಇಟ್ಟು ಇನ್ನೊಂದು ಚೀಲ ಮಾಡಿದೆ. ತೂಕ ಸರಿಯಾಯಿತು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತ ಅಕ್ಕಾರು ಒಂದು ಸಲ ಬಗ್ಗಿದರು, ಎದ್ದರು, ಕೈ ಎತ್ತಿ ತುರುಬು ಮುಟ್ಟಿಕೊಂಡರು. ಗಾಯ ತೋರಿಸುವಾಗ ಅಳದಿದ್ದವರು ಆಗ ಅತ್ತರು.

ಆಮೇಲೆ ಅವರ ಎಲ್ಲ ರವಿಕೆಗಳೂ ನನ್ನಲ್ಲೇ ಆದವು. ಹೊಲಿಗೆ ಇಲ್ಲದ ದಿನವೂ ಸಂತೆಯಿಂದ ಹೋಗುವಾಗ ಬಂದು ಪರದೆಯ ಒಳಗಿನ ಸ್ಟೂಲಿನ ಮೇಲೆ ಕೂಡುತ್ತಿದ್ದರು. ಮನೆಯಲ್ಲಿ ಯಾರೊಂದಿಗೂ ಆಡಲಾಗದ ಮಾತನ್ನು ಅಲ್ಲಿ ಮೆಲ್ಲಗೆ ಆಡುತ್ತಿದ್ದರು. ಕಂಕುಳಲ್ಲಿ ನೋವು, ಕೈ ಬಾವು, ಮುಂದಿನ ಸಲ ಡಾಕ್ಟರು ಏನಂತಾರೋ ಎಂಬ ಅಂಜಿಕೆ. ಮಗಳನ್ನು ದಾವಣಗೆರೆಯ ಮನೆಗೇ ಮದುವೆ ಮಾಡಿಕೊಟ್ಟರು. ಮದುಮಗಳ ರವಿಕೆಗಳನ್ನೆಲ್ಲ ನಾನೇ ಹೊಲಿದೆ. ಮದುವೆಯಾದ ಮೇಲಾದರೂ ಹೇಳಿರಿ ಎಂದರೆ, "ಈಗ ಬೀಗರು ಅದಾರ. ಈಗಂತೂ ಹೇಳಬಾರ್ದು" ಎಂದರು.

ಮೊಮ್ಮಗಳ ತೊಟ್ಟಿಲ ದಿನ ಒಂದು ಘಟನೆ ನಡೆಯಿತು. ತೊಟ್ಟಿಲಿಗೆ ಬಗ್ಗಿದಾಗ ಚೀಲದ ಹೊಲಿಗೆ ಬಿಟ್ಟು ನಾಲ್ಕು ಕಾಳು ಸಾಸಿವೆ ನೆಲಕ್ಕೆ ಬಿದ್ದವು. ಅವರ ನಾದಿನಿ ಅದನ್ನು ಆರಿಸಿಕೊಂಡು, "ಇದೇನ ವೈನಿ, ನಿಮ್ಮ ಮೈಯಾಗಿಂದ ಸಾಸಿವಿ ಉದುರ್ತಾವಲ್ಲ?" ಎಂದು ನಕ್ಕರಂತೆ. "ಈಗ ಒಗ್ಗರಣಿ ಹಾಕಿ ಬಂದೇನಿ, ಸೆರಗಿಗೆ ಹತ್ತಿರಬೇಕು" ಎಂದು ಇವರು ಒಳಗೆ ಹೋದರಂತೆ. ಮರುದಿನವೇ ಆ ಚೀಲವನ್ನು ತಂದು ನನ್ನ ಮುಂದಿಟ್ಟು ಇದನ್ನೆಲ್ಲ ಹೇಳಿದರು. ಅಂದಿನಿಂದ ನಾನು ಎರಡು ಪದರ ಬಟ್ಟೆ ಕೊಟ್ಟು ಹೊಲಿಯತೊಡಗಿದೆ.

ಎರಡು ಸಾವಿರದ ಆರೋ ಏಳೋ ಇರಬೇಕು, ನನ್ನ ಪಕ್ಕದ ಮಳಿಗೆಯಲ್ಲಿ ಒಬ್ಬ ಹುಡುಗಿ ಕಂಪ್ಯೂಟರ್ ಸೆಂಟರ್ ತೆಗೆದಳು. ಅವಳಿಗೆ ನಾನು ಚೂಡಿದಾರ ಹೊಲಿದುಕೊಟ್ಟೆ, ಅವಳು ನನಗೆ ಕನ್ನಡ ಟೈಪಿಂಗ್ ಕಲಿಸಿದಳು. ಬ್ಲಾಗ್ ಎಂಬುದು ಇದೆ, ಏನು ಬೇಕಾದರೂ ಬರೆಯಬಹುದು, ದುಡ್ಡು ಕೊಡಬೇಕಿಲ್ಲ ಎಂದು ಅವಳೇ ಒಂದನ್ನು ಮಾಡಿಕೊಟ್ಟಳು. ನಾನು ಬರೆಯತೊಡಗಿದೆ. ಗಂಡನ ಮನೆ ಬಿಟ್ಟು ಬಂದ ದಿನ ಬಸ್ಸಿನಲ್ಲಿ ಯಾರ ಪಕ್ಕ ಕುಳಿತಿದ್ದೆ, ಅಪ್ಪ ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಹಾಕಲು ನನ್ನನ್ನು ಕರೆಯಲು ಹೇಗೆ ನಾಚುತ್ತಿದ್ದರು, ಒಬ್ಬಳಿಗೇ ಅಡುಗೆ ಮಾಡುವಾಗ ಉಪ್ಪಿನ ಅಂದಾಜು ಹೇಗೆ ತಪ್ಪುತ್ತದೆ. ನನ್ನ ಹೆಸರಿರಲಿಲ್ಲ, ಗಂಡನ ಹೆಸರೂ ಇರಲಿಲ್ಲ. ಗಿರಾಕಿಗಳಂತೂ ಒಬ್ಬರೂ ಇರಲಿಲ್ಲ. ಹೊಲಿಗೆಯವಳು ತನ್ನ ಬದುಕು ಬರೆಯುತ್ತ ಹೋದರೆ ಅದರಲ್ಲಿ ಬಟ್ಟೆ ಹೊಲಿಸಿಕೊಂಡವರೇ ಇಲ್ಲದಿರುವುದು ವಿಚಿತ್ರವೇ. ಆದರೂ ಅದನ್ನು ಬಿಗಿಯಾಗಿ ನಡೆಸಿದೆ. ದೂರದ ಊರುಗಳಿಂದ ಕೆಲವರು ಓದಿ ಎರಡು ಸಾಲು ಬರೆಯುತ್ತಿದ್ದರು. ಅವರಿಗೆ ನಾನು ಯಾರೆಂದು ಗೊತ್ತಿಲ್ಲ ಎಂಬುದೇ ನನಗೆ ಹಿತವಾಗಿತ್ತು.

ಅಕ್ಕಾರು ಕೇಳಿದರು, "ಅದೇನೋ ಕಂಪ್ಯೂಟರಿನ್ಯಾಗ ಬರೀತೀಯಂತ. ನನ್ನ ಸುದ್ದಿ?"

"ನಿಮ್ಮ ನೆಳ್ಳೂ ಬೀಳಂಗಿಲ್ರಿ ಅಕ್ಕಾರ. ಬರೇ ನಂದು."

ಆ ಮಾತಿಗೆ ತಕ್ಕಂತೆಯೇ ನಾನು ನಡೆದುಕೊಂಡಿದ್ದೆ. ಒಂದು ದಿನ ನನ್ನ ಕೂಸಿನ ಬಗ್ಗೆ ಬರೆದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ನಾನು ಬಸಿರಿದ್ದಾಗ ಅವ್ವ ಮೊದಲೇ ಸಾಸಿವೆ ದಿಂಬು ಹೊಲಿದು ಹಿರೇಹಡಗಲಿಗೆ ತಂದಿದ್ದರು. ಕೂಸು ಒಂದು ದಿನ ಅದರ ಮೇಲೆ ಮಲಗಿತು. ಎಲ್ಲ ಮುಗಿದ ಮೇಲೆ ಅವ್ವ ಹಿತ್ತಲಲ್ಲಿ ಕುಳಿತು ಹಲ್ಲಿನಿಂದ ದಾರ ಕಡಿದು ದಿಂಬು ಬಿಚ್ಚಿದರು. ಸಾಸಿವೆಯನ್ನು ಅಡುಗೆಗೆ ಹಾಕಲೂ ಮನಸ್ಸು ಬರಲಿಲ್ಲ, ಚೆಲ್ಲಲೂ ಬರಲಿಲ್ಲ. ಮಡಿಲಲ್ಲಿ ಹಾಕಿಕೊಂಡು ಸುಮ್ಮನೆ ಕುಳಿತಿದ್ದರು. ಇಷ್ಟೇ ಬರೆದದ್ದು. ಟೈಪು ಮಾಡಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಸರಿದಂತಾಗಿತ್ತು. ಓದಿದವರು ಬಹಳ ಜನ ಬರೆದರು. ಕಂಪ್ಯೂಟರಿನ ಹುಡುಗಿ ನನಗೆ ಹೇಳದೆ, ಪ್ರೀತಿಯಿಂದಲೇ, ಅದರ ಪ್ರಿಂಟ್ ತೆಗೆದು, ನಮ್ಮ ಪಕ್ಕದ ಅಂಗಡಿಯ ಅಕ್ಕ ಬರೆದದ್ದು ಎಂದು ತನ್ನ ಗೋಡೆಗೆ ಅಂಟಿಸಿದಳು.

ಒಂದು ವಾರ ಕಳೆದಿರಲಿಲ್ಲ, ಅಕ್ಕಾರು ಬಂದರು. ಕೂಡಲಿಲ್ಲ.

"ನಮ್ಮ ನಾದಿನಿ ಜೆರಾಕ್ಸ್ ಮಾಡಿಸಾಕ ಪಕ್ಕದಾಗ ಬಂದಿದ್ಲಂತ. ಗ್ವಾಡಿ ಮ್ಯಾಲಿಂದು ಓದ್ಯಾಳ. 'ವೈನಿ, ನಿಮ್ಮ ಟೇಲರ್ ಸಾಸಿವಿ ದಿಂಬಿನ ಕಥಿ ಬರದಾಳ ನೋಡ್ರಿ' ಅಂದ್ಲು. ಅಂದು ನನ್ನ ಮಾರಿ ನೋಡಿದ್ಲು. ಆಮ್ಯಾಲೆ ಇಲ್ಲಿ ನೋಡಿದ್ಲು." ಅವರು ತಮ್ಮ ಎದೆಯ ಕಡೆ ಕಣ್ಣು ತೋರಿಸಿದರು.

"ಅಕ್ಕಾರ, ಅದು ನನ್ನ ಕೂಸಿನ ಮಾತ್ರಿ. ನಿಮ್ಮ ಬಗ್ಗೆ ಒಂದಕ್ಷರ ಇಲ್ಲ."

"ಗೊತ್ತೈತಿ. ಅದಕ್ಕ ನನಗ ಸಂಕಟ. ನಿನ್ನ ಕೂಸಿನ ಮಾತು ತಗಿ ಅಂತ ನಾ ಯಾವ ಬಾಯಿಲೆ ಹೇಳ್ಲಿ?"

ಹೇಳಲಿಲ್ಲ ಅವರು. ಸೆರಗನ್ನು ಇನ್ನೊಂದು ಸುತ್ತು ಹೊದ್ದುಕೊಂಡು ಹೋದರು. ನಾನು ಮಷೀನಿನ ಮುಂದೆ ಸ್ವಲ್ಪ ಹೊತ್ತು ಕುಳಿತೆ. ಸಿಟ್ಟು ಬಂದದ್ದು ನಿಜ. ನನ್ನ ಕೂಸು, ನನ್ನ ಅವ್ವ, ನನ್ನ ದುಃಖ. ಅದಕ್ಕೂ ಇನ್ನೊಬ್ಬರ ಒಪ್ಪಿಗೆ ಬೇಕೇ? ಆದರೆ ಆ ದಿಂಬು ಆಗಲೇ ನನ್ನದಷ್ಟೇ ಆಗಿ ಉಳಿದಿರಲಿಲ್ಲ. ಅದನ್ನು ಅವರ ರವಿಕೆಯೊಳಗೆ ಇಟ್ಟವಳು ನಾನೇ. ಪಕ್ಕಕ್ಕೆ ಹೋಗಿ ಗೋಡೆಯ ಹಾಳೆ ಕೀಳಿಸಿದೆ, ಬ್ಲಾಗಿನಿಂದಲೂ ಬರಹವನ್ನು ಅಳಿಸಿದೆ. ಹುಡುಗಿ ಎರಡೆರಡು ಸಲ ಕೇಳಿದಳು, "ಖರೇನ ಅಳಿಸ್ಲೇನ್ರಿ ಅಕ್ಕಾ? ಮತ್ತ ಸಿಗಂಗಿಲ್ಲ." ಅಳಿಸು ಎಂದೆ. ಬೇರೆ ಪ್ರತಿ ಇಟ್ಟುಕೊಂಡಿರಲಿಲ್ಲ. ಆಮೇಲೆ ಎಷ್ಟು ಸಲ ಬರೆಯಲು ಕುಳಿತರೂ ಆ ಮಾತುಗಳು ಆ ಕ್ರಮದಲ್ಲಿ ಮತ್ತೆ ಬರಲಿಲ್ಲ.

ಮುಂದಿನ ವರ್ಷ ಅಕ್ಕಾರ ಕಣ್ಣು ಹಳದಿಯಾದವು. ಮನೆಯವರು ಕಾಮಾಲೆ ಎಂದರು, ಬಂಧುಗಳಿಗೆ ಲಿವರ್ ಕೆಟ್ಟಿದೆ ಎಂದರು. ಅದು ಎಲ್ಲಿಂದ ಬಂದದ್ದೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ನೋಡಲು ಹೋದೆ. ಮಗಳು ದಾವಣಗೆರೆಯಿಂದ ಬಂದು ತಲೆದೆಸೆಯಲ್ಲೇ ಕುಳಿತಿದ್ದಳು. ಅವಳನ್ನು ಹಾಲು ಕಾಯಿಸಲು ಒಳಗೆ ಕಳಿಸಿ ಅಕ್ಕಾರು ನನ್ನ ಕೈ ಹಿಡಿದರು.

"ನಾ ಹೋದ ಮ್ಯಾಲೆ ಮೈ ತೊಳಿಯಾಕ ಓಣಿ ಹೆಂಗಸ್ರೆಲ್ಲ ಬರ್ತಾರ. ನಾದಿನೀನೂ ಬರ್ತಾಳ. ನಮ್ಮಕ್ಕ ಒಬ್ಬಾಕಿಗೆ ಆಗಂಗಿಲ್ಲ, ವಯಸ್ಸಾಗೈತಿ. ನೀ ಬರ್ತೀಯೇನು?"

"ಬರ್ತೀನ್ರಿ."

"ಅದನ್ನೂ ಹಾಕು. ಇಲ್ಲಾಂದ್ರ ಕುಂದ್ರಿಸಿದಾಗ ಎಲ್ಲಾರಿಗೂ ಕಾಣ್ತತಿ."

ಅವರು ತೀರಿಕೊಂಡ ದಿನ ಬೆಳಿಗ್ಗೆ ಸುದ್ದಿ ಬಂದ ಕೂಡಲೇ ಹೋದೆ. ಹಿಂದಿನ ವಾರವೇ ಹಸಿರು ರವಿಕೆಯೊಂದನ್ನು ಹೊಲಿದು ಇಟ್ಟಿದ್ದೆ. ಅವರ ಅಕ್ಕ ನನ್ನ ಮುಖ ನೋಡಿ ಬಚ್ಚಲಿಗೆ ಕರೆದೊಯ್ದು ಬಾಗಿಲ ಚಿಲಕ ಹಾಕಿದರು. ಹೊರಗೆ ಮಗಳು ಬಾಗಿಲು ಬಡಿದಳು.

"ದೊಡ್ಡವ್ವಾ, ನಾನೂ ಬರ್ತೀನಿ. ನಮ್ಮವ್ವಗ ನಾ ನೀರು ಹಾಕ್ತೀನಿ."

"ಬ್ಯಾಡವ್ವಾ, ನೀ ಹೊರಗಿರು."

"ಯಾಕ? ಟೇಲರ್ ಆಂಟಿ ಒಳಗ ಅದಾಳ, ನಾ ಯಾಕ ಬ್ಯಾಡ?"

ದೊಡ್ಡವ್ವ ನನ್ನ ಕೈಗೆ ತಂಬಿಗೆ ಕೊಟ್ಟರು. ನಾನು ಬಿಸಿನೀರು ಹಾಕುತ್ತ, ಅರಿಶಿನ ಹಚ್ಚುತ್ತ ಹೋದೆ. ಅಳುವ ಮಗಳ ದನಿ ಕೇಳುತ್ತಲೇ ಇತ್ತು. ರವಿಕೆ ತೊಡಿಸಿ, ಚೀಲ ಒಳಗಿಟ್ಟು ಹುಕ್ಕು ಹಾಕಿ, ಸೆರಗು ಸರಿಮಾಡಿದೆವು. ಆಮೇಲೆ ಹಣೆಗೆ ವಿಭೂತಿ ಹಚ್ಚಿ ಹೊರಗೆ ಕೂರಿಸಿದಾಗ ಅವರು ಯಾವ ಕುಂದೂ ಇಲ್ಲದ ಮುತ್ತೈದೆಯಂತೆಯೇ ಇದ್ದರು. ನಾದಿನಿ ಬಹಳ ಹೊತ್ತು ದಿಟ್ಟಿಸಿ ನೋಡಿದರು. ಏನೂ ಕಾಣಲಿಲ್ಲ. ಗುಂಪಿನಲ್ಲಿ ಯಾರೋ ಕೇಳಿದರು, "ಈಕಿ ಟೇಲರ್ ಅಲ್ಲೇನು? ಈಕಿ ಯಾಕ ಒಳಗ ಹೋಗಿದ್ಲು?" ನಾನು ಮಣ್ಣಿಗೆ ಹೋಗದೆ ಹಿಂದಿನ ಓಣಿಯಿಂದ ಅಂಗಡಿಗೆ ಬಂದುಬಿಟ್ಟೆ.

ಮನಸ್ಸಿಗೆ ಏನಾದರೂ ಆದರೆ ಬರೆದುಕೊಳ್ಳುವ ರೂಢಿ ಅಷ್ಟರಲ್ಲಿ ಬೆಳೆದಿತ್ತು. ಆದರೆ ಏನು ಬರೆಯಲಿ? ಅಕ್ಕನನ್ನು ಕಳೆದುಕೊಂಡೆ ಎಂದು ಟೈಪು ಮಾಡಿದೆ. ನನಗೆ ಅಕ್ಕ ಇಲ್ಲವೆಂದು ಊರಿಗೆಲ್ಲ ಗೊತ್ತು. ಹಾಗಾದರೆ ಯಾವ ಅಕ್ಕ, ಅದೇ ವಾರ ಸತ್ತವರು ಯಾರು ಎಂದು ಹುಡುಕಲು ಎಷ್ಟು ಹೊತ್ತು ಬೇಕು? ಅದನ್ನೂ ತೆಗೆದುಹಾಕಿದೆ. ಬರೆದರೆ ಅವರು ಬಂದೇ ಬರುತ್ತಿದ್ದರು, ಆದ್ದರಿಂದ ಬರೆಯುವುದನ್ನೇ ಬಿಟ್ಟೆ. ದೂರದ ಊರಿನ ಓದುಗರೊಬ್ಬರು, "ಅಕ್ಕಾ, ಆರಾಮಿದ್ದೀರಾ? ಬಹಳ ದಿನವಾಯಿತು" ಎಂದು ಬರೆದಿದ್ದರು. ಆರಾಮಿದ್ದೇನೆ, ಕೆಲಸ ಹೆಚ್ಚು ಎಂದು ಉತ್ತರಿಸಿದೆ. ಸಂತೆಯ ದಿನ ಪರದೆಯ ಒಳಗಿನ ಸ್ಟೂಲಿನ ಕಡೆ ನೋಡದಿರಲು ಅದರ ಮೇಲೆ ಬಟ್ಟೆಯ ಗಂಟು ಇಟ್ಟೆ.

ಮುಂದಿನ ಬೇಸಿಗೆಯ ಒಂದು ದಿನ ಮಗಳು ಬಂದಳು. ಎರಡನೆಯ ಮಗುವಿಗೆ ಹಾಲು ಬಿಡಿಸಿ ಕೆಲವು ತಿಂಗಳಾಗಿದ್ದವಂತೆ. ಬಂದವಳು ನೇರವಾಗಿ ಕೇಳಿದಳು.

"ಆಂಟಿ, ನನ್ನ ಎದಿಯಾಗ ಒಂದು ಗಂಟು ಐತಿ. ದಾವಣಗೇರ್ಯಾಗ ಡಾಕ್ಟ್ರು, ಮನಿಯಾಗ ಯಾರಿಗರ ಹಿಂಗ ಆಗಿತ್ತೇನಮ್ಮಾ ಅಂತ ಕೇಳಿದ್ರು. ಇಲ್ಲಂದೆ. ಮನಿಗೆ ಬಂದ ಮ್ಯಾಲೆ, ಅವ್ವನ್ನ ತೊಳಿಯಾಕ ನನ್ನ ಬಿಡ್ಲಿಲ್ಲಲ್ಲ, ಅದು ನೆನಪಾತು. ಅಪ್ಪನ್ನ ಕೇಳಿದ್ರ ಗರ್ಭಕೋಶ ಅಂತಾನ. ದೊಡ್ಡವ್ವ ನಿಮ್ಮಪ್ಪನ್ನ ಕೇಳು ಅಂತಾಳ. ಪಕ್ಕದಂಗಡಿ ಹುಡುಗಿ ಕಡಿಂದ ತಗಿಸಿ ನಿಮ್ಮ ಬ್ಲಾಗ್ ಪೂರ್ತಿ ಓದಿದೆ. ನಮ್ಮವ್ವ ವಾರಕ್ಕೊಮ್ಮೆ ಬಂದು ಇಲ್ಲಿ ಕುಂದ್ರತಿದ್ಲು. ನಿಮ್ಮಪ್ಪ, ನಿಮ್ಮವ್ವ, ಪಕ್ಕದಂಗಡಿ ಹುಡುಗಿ ಎಲ್ಲಾರೂ ಅದಾರ ಅದ್ರಾಗ. ನಮ್ಮವ್ವ ಒಂದು ಸಲಾನೂ ಬಂದಿಲ್ಲ. ಅದನ್ನ ನೋಡೇ ಅನುಮಾನ ಆತು."

ನಾನು ಎದ್ದು ಬಾಗಿಲು ಹಾಕಿದೆ. ಅಕ್ಕಾರಿಗೆ ಮಾತು ಕೊಟ್ಟಿದ್ದೆ, ನಿಜ. ಆದರೆ ಅವರು ಅದನ್ನು ಮುಚ್ಚಿಟ್ಟದ್ದು ಈ ಮಗಳು ಚೆನ್ನಾಗಿರಲಿ ಎಂದು. ಅವಳು ಎದೆಯಲ್ಲಿ ಗಂಟು ಇಟ್ಟುಕೊಂಡು ಎದುರಿಗೆ ನಿಂತಿರುವಾಗ ಯೋಚಿಸುವುದು ಏನೂ ಇರಲಿಲ್ಲ. ಎಲ್ಲವನ್ನೂ ಹೇಳಿದೆ. ಯಾವ ಕಡೆ, ಯಾವ ವರ್ಷ, ಕೊನೆಗೆ ಲಿವರಿಗೆ ಹೇಗೆ ಹೋಯಿತು.

"ನಾಳೇನ ಡಾಕ್ಟ್ರಿಗೆ ಹೇಳವ್ವಾ. ಇದೊಂದು ಮಾತು ಬಿಟ್ಟು ಬ್ಯಾರೆ ಏನೂ ಯೋಚನಿ ಮಾಡಬ್ಯಾಡ."

ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡಳು. ಮುಗಿದ ಮೇಲೆ ಅಂದಳು, "ಅವ್ವಗ ಮೈ ತೋರ್ಸಾಕ ಟೇಲರ್ ಬೇಕಾದ್ಲು. ಮಗಳು ಬ್ಯಾಡಾದ್ಲು."

"ನಿನ್ನ ಸಲುವಾಗೇ ಅವ್ವಾ..."

"ನನ್ನ ಸಲುವಾಗಿ ಅನ್ನಬ್ಯಾಡ್ರಿ. ಅಕಿ ನೋವು ತಿನ್ನೋವಾಗ ನಾ ಹಾಸ್ಟೆಲಿನ್ಯಾಗ ಹಬ್ಬಕ್ಕ ಯಾವ ಸೀರಿ ತರ್ತೀ ಅಂತ ಫೋನ್ ಮಾಡ್ತಿದ್ದೆ."

ನಾನು ಹಾಕಿದ ಬಾಗಿಲನ್ನು ತಾನೇ ತೆಗೆದುಕೊಂಡು ಅವಳು ಹೋದಳು.

ಗಂಟು ಕೆಟ್ಟದ್ದೇ ಆಗಿತ್ತು, ಆದರೆ ಬೇಗ ಸಿಕ್ಕಿತು. ಆಪರೇಷನ್ ಆಯಿತು, ಕೂದಲು ಉದುರಿತು, ಮತ್ತೆ ಬಂತು. ಅವಳು ಯಾರಿಂದಲೂ ಮುಚ್ಚಿಡಲಿಲ್ಲ. ಗಂಡನಿಗೆ, ಅತ್ತೆಗೆ, ಓಣಿಯವರಿಗೆ, ಎಲ್ಲರಿಗೂ ಹೇಳಿದಳಂತೆ. ತನ್ನ ಅಪ್ಪನ ಮುಂದೆಯೂ ನಿಂತು ಹೇಳಿದಳಂತೆ. ಅವರು ಅಂಗಡಿಯ ಗಲ್ಲೆಯ ಮೇಲೆ ತಲೆಯಿಟ್ಟು ಅತ್ತದ್ದನ್ನು ಬಜಾರಿನವರು ನೋಡಿದರು. ನನ್ನ ಅಂಗಡಿಗೆ ಮಾತ್ರ ಅವಳು ಬರಲಿಲ್ಲ. ಊರಿಗೆ ಬಂದಾಗ ಎದುರಾದರೆ, "ಆರಾಮೇನ್ರಿ ಆಂಟಿ" ಎಂದು ನಿಲ್ಲದೆ ಹೋಗುತ್ತಿದ್ದಳು. ಒಂದು ಸಲ ಫೋನಿನಲ್ಲಿ ಅವಳೇ ಹೇಳಿದಳು, "ನಿಮ್ಮ ಮ್ಯಾಲೆ ಸಿಟ್ಟಿಲ್ರಿ. ಆದ್ರ ನಿಮ್ಮನ್ನ ನೋಡಿದ ಕೂಡ್ಲೆ ನಾನು ಮತ್ತ ಆ ಬಚ್ಚಲ ಹೊರಗ ನಿಲ್ತೀನಿ."

ಇದನ್ನು ಬರೆಯಲೇ ಎಂದು ವರ್ಷಗಳ ಮೇಲೆ ಅವಳನ್ನು ಕೇಳಿದೆ. ಊರು, ಹೆಸರು ಬೇಡ, ಮೊದಲು ನನಗೆ ಕಳಿಸಿರಿ ಎಂದಳು. ಕಳಿಸಿದೆ. ಓದಿ ಎರಡು ಕಡೆ ಮಾತು ತಿದ್ದಲು ಹೇಳಿದಳು, ತಿದ್ದಿದೆ. ಆಮೇಲೆ ಫೋನಿನಲ್ಲಿ ಕೇಳಿದಳು.

"ನಮ್ಮವ್ವ ಇದ್ರಾಗ ಎಲ್ಲೂ ನಕ್ಕಿಲ್ಲಲ್ರಿ?"

"ನಗ್ತಿದ್ರಾ?"

"ಅಯ್ಯ, ನಕ್ಕರ ಎದುರಮನಿತನಕ ಕೇಳ್ತಿತ್ತು. ಅಪ್ಪ ಬೈತಿದ್ದ. ಅದನ್ನೂ ಬರೀರಿ."

ಬರೆದಿದ್ದೇನೆ. ನನ್ನ ಅಂಗಡಿಯಲ್ಲಿ ಅಷ್ಟು ವರ್ಷ ಕುಳಿತಿದ್ದರು, ಅವರು ಜೋರಾಗಿ ನಕ್ಕದ್ದನ್ನು ನಾನು ಒಮ್ಮೆಯೂ ಕೇಳಿರಲಿಲ್ಲ.